ಶ್ಯಾಡೋನ ಎರಡನೇ ಆಲ್ಬಂ, ಮಾಮ ಕಳಿಸಿದ ಕ್ಯಾಸೆಟ್

ಡಿಜೆ ಶ್ಯಾಡೋನ ಎರಡನೇ ಆಲ್ಬಂ ಬಗ್ಗೆ ನಾನು ಹದಿನೈದು ವರ್ಷದಿಂದ ಒಂದೇ ಮಾತು ಹೇಳಿಕೊಂಡು ಬಂದಿದ್ದೆ. ಯಾರು ಕೇಳಿದರೂ "ಮೊದಲನೆಯದು ಕೇಳು ಸಾಕು, ಎರಡನೆಯದು ಅಷ್ಟಕ್ಕಷ್ಟೆ" ಅಂದುಬಿಡುತ್ತಿದ್ದೆ. ಅದು ತಪ್ಪು ಅಂತ ಈಗ ಅನಿಸುತ್ತಿದೆ. ಹೋದ ಬೇಸಿಗೆಯಲ್ಲಿ, ನಮ್ಮ ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕಾವು ಇರುತ್ತದೆ, ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದ್ದೆ. ಹೆಡ್‌ಫೋನ್ ಹಾಕಿಕೊಂಡು ಆ ಎರಡನೇ ಆಲ್ಬಂ, 'ದಿ ಪ್ರೈವೇಟ್ ಪ್ರೆಸ್', ಶುರು ಮಾಡಿದೆ. ಒಂದೂ ಹಾಡು ದಾಟಿಸದೆ ಕೊನೆಯವರೆಗೆ ಕೇಳಿದೆ. ಮರುದಿನ ಮತ್ತೆ. ಒಂದು ವಾರ ಬೇರೆ ಏನೂ ಕೇಳಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಹಿಪ್‌ಹಾಪೇ, ಆದರೆ ರ‍್ಯಾಪ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ರ‍್ಯಾಪರ್ ಹಿಂದೆ ಬೀಟ್ ಇರುತ್ತದಲ್ಲ, ಅದೇ ಮುಂದೆ ಬಂದು ತಾನೇ ಹಾಡಾಗುತ್ತದೆ. ಶ್ಯಾಡೋನ ನಿಜ ಹೆಸರು ಜಾಶ್ ಡೇವಿಸ್, ಕ್ಯಾಲಿಫೋರ್ನಿಯಾದವನು. 1996ರಲ್ಲಿ ಲಂಡನ್ನಿನ ಮೋ ವ್ಯಾಕ್ಸ್ ಅನ್ನೋ ಲೇಬಲ್‌ನಿಂದ ಅವನ ಮೊದಲ ಆಲ್ಬಂ 'ಎಂಡ್‌ಟ್ರೊಡ್ಯೂಸಿಂಗ್' ಬಂತು. ರೆಕಾರ್ಡ್ ತಿರುಗಿಸುವ ಒಂದು ಟರ್ನ್‌ಟೇಬಲ್, ಸದ್ದಿನ ತುಣುಕು ತುಂಬಿಕೊಂಡು ಬಾರಿಸುವ ಒಂದು ಅಕಾಯ್ ಎಂಪಿಸಿ60 ಮೆಷಿನ್ನು, ಒಂದು ರೆಕಾರ್ಡರ್. ಬಹುತೇಕ ಎಲ್ಲ ಸದ್ದೂ ಬೇರೆಯವರ ಹಳೇ ರೆಕಾರ್ಡುಗಳಿಂದ ಕತ್ತರಿಸಿಕೊಂಡದ್ದು, ಅಂಥ ತುಣುಕಿಗೆ ಸ್ಯಾಂಪಲ್ ಅನ್ನುತ್ತಾರೆ. ಸ್ಯಾಕ್ರಮೆಂಟೊದ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ, ಯಾರೂ ಕೊಳ್ಳದ ರೆಕಾರ್ಡುಗಳ ರಾಶಿ ನಡುವೆ ಕೂತು ಗಂಟೆಗಟ್ಟಲೆ ಹುಡುಕುತ್ತಿದ್ದ. ಪೂರ್ತಿ ಸ್ಯಾಂಪಲ್‌ಗಳಿಂದಲೇ ಮಾಡಿದ ಮೊದಲ ಆಲ್ಬಂ ಅಂತ ಗಿನ್ನೆಸ್ ಪುಸ್ತಕದಲ್ಲೂ ಅದರ ಹೆಸರಿದೆ.

ಆ ಎಂಪಿಸಿ60 ಬಗ್ಗೆ ಒಂದು ಮಾತು. ಇವತ್ತು ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ದಿನಗಟ್ಟಲೆ ಸದ್ದು ತುಂಬಬಹುದು. ಆ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು 13 ಸೆಕೆಂಡು. ಮೆಮೊರಿ ಹೆಚ್ಚಿಸಿದರೆ 26. ಹದಿನಾರು ರಬ್ಬರ್ ಪ್ಯಾಡು, ಬೆರಳಲ್ಲಿ ಬಾರಿಸಬೇಕು. ಜಾಗ ಸಾಲದು ಅಂತ ಆ ಕಾಲದ ಬೀಟ್ ಮಾಡುವವರು ರೆಕಾರ್ಡನ್ನು ಜೋರಾಗಿ ತಿರುಗಿಸಿ ಒಳಗೆ ತುಂಬಿಕೊಂಡು, ಆಮೇಲೆ ಮೆಷಿನ್ನಿನಲ್ಲಿ ನಿಧಾನ ಮಾಡುತ್ತಿದ್ದರು. ಹಾಗೆ ನಿಧಾನ ಮಾಡಿದಾಗ ಸದ್ದಿಗೆ ಒಂದು ಒರಟುತನ ಬರುತ್ತಿತ್ತು, ಗೋಣಿಚೀಲದ ಮೇಲೆ ಕೈ ಆಡಿಸಿದ ಹಾಗೆ.

ನಾನು ಆ ಮೊದಲ ಆಲ್ಬಂ ಕೇಳಿದ್ದು ಬಳ್ಳಾರಿಯಲ್ಲಿ, 2009ರಲ್ಲಿ, ಇಂಜಿನಿಯರಿಂಗ್ ಓದುವಾಗ. ರೂಮ್‌ಮೇಟ್ ಒಬ್ಬ ಪೆನ್‌ಡ್ರೈವಿನಲ್ಲಿ ತಂದಿದ್ದ. 'ಬಿಲ್ಡಿಂಗ್ ಸ್ಟೀಮ್ ವಿತ್ ಎ ಗ್ರೇನ್ ಆಫ್ ಸಾಲ್ಟ್' ಶುರುವಾಯಿತು. ಪಿಯಾನೊ ಸುತ್ತಿ ಸುತ್ತಿ ಬರುತ್ತದೆ, ಆಮೇಲೆ ಡ್ರಮ್. ನಾನು ಎದ್ದು ಕೂತೆ.

ಯಾಕೆ ಎದ್ದು ಕೂತೆ ಅಂದರೆ ನನಗೆ ಹಲಗಿ ಗೊತ್ತು. ನಮ್ಮೂರು ಮುದಗಲ್ಲಿಗೆ ಹತ್ತಿರ. ಮುದಗಲ್ ಮೊಹರಂ ಅಂದರೆ ಈ ಕಡೆಯವರಿಗೆ ಬೇರೆ ಹೇಳಬೇಕಿಲ್ಲ, ಅಲಾಯಿ ಕುಣಿಯ, ಅಂದರೆ ಬೆಂಕಿ ಹಾಕುವ ಗುಂಡಿಯ ಸುತ್ತ ಹಿಂದೂ ಮುಸಲ್ಮಾನ ಅನ್ನದೆ ಎಲ್ಲರೂ ಹೆಜ್ಜೆ ಹಾಕುತ್ತಾರೆ. ನಾನು ಹತ್ತು ಹನ್ನೊಂದು ವರ್ಷದವನಿದ್ದಾಗ ಹಲಗಿ ಕಾಯಿಸುವ ಕೆಲಸ ನನ್ನದಾಗಿತ್ತು. ರಾತ್ರಿ ತಂಪು ಹಿಡಿದರೆ ಚರ್ಮ ಸಡಿಲಾಗುತ್ತದೆ, ಸದ್ದು ಸತ್ತುಹೋಗುತ್ತದೆ. ಆಗ ಒಂದು ಹಿಡಿ ಒಣಹುಲ್ಲು ಹೊತ್ತಿಸಿ ಹಲಗಿಯನ್ನು ಉರಿಯ ಮೇಲೆ ಆಚೀಚೆ ಆಡಿಸಬೇಕು. ತೀರ ಹತ್ತಿರ ಹಿಡಿದರೆ ಚರ್ಮ ಹರಿಯುತ್ತದೆ. ನಡುನಡುವೆ ಬೆರಳ ತುದಿಯಿಂದ ತಟ್ಟಿ ನೋಡಬೇಕು. ಮೊದಲು 'ದಬ್' ಅನ್ನುತ್ತದೆ, ಆಮೇಲೆ 'ಡಂಗ್', ಆಮೇಲೆ 'ಠಣ್'. ಆ 'ಠಣ್' ಬಂದ ಕೂಡಲೇ ಓಡಿಹೋಗಿ ಕೊಡಬೇಕು, ಯಾಕೆಂದರೆ ಅದು ಇರುವುದು ಸ್ವಲ್ಪ ಹೊತ್ತು ಮಾತ್ರ. ಒಂದೇ ಪೆಟ್ಟನ್ನು ರಾತ್ರಿಯಿಡೀ ಬಾರಿಸುತ್ತಾರೆ, ಯಾರಿಗೂ ಬೇಜಾರಾಗುವುದಿಲ್ಲ. ಆ ಪೆಟ್ಟಿನ ಒಳಗೆ ಸಣ್ಣ ಸಣ್ಣ ಬದಲಾವಣೆ ಇರುತ್ತದೆ. ಚರ್ಮ ಇಳಿಯುತ್ತದೆ, ಕೈ ಸೋಲುತ್ತದೆ, ಇನ್ನೊಬ್ಬ ಬಂದು ಹಿಡಿಯುತ್ತಾನೆ.

ಶ್ಯಾಡೋನ ಮೊದಲ ಆಲ್ಬಂನಲ್ಲಿ ಡ್ರಮ್ ಹಾಗಿದೆ. ಯಾರೋ ಯಾವಾಗಲೋ ಬಾರಿಸಿದ ಒಂದು ತುಣುಕನ್ನು ಒಂದೊಂದು ಪೆಟ್ಟಾಗಿ ಬಿಡಿಸಿ, ತನ್ನ ಕೈಯಲ್ಲಿ ಮತ್ತೆ ಬಾರಿಸಿದ್ದಾನೆ. ಆ ಹಳೇ ಕೋಣೆಯ ಗಾಳಿ ಒಂದೊಂದು ಪೆಟ್ಟಿಗೂ ಅಂಟಿಕೊಂಡೇ ಇರುತ್ತದೆ. ಇಡೀ ಆಲ್ಬಂ ಒಂದೇ ರಾತ್ರಿಯ ಹಾಗೆ ಕೇಳುತ್ತದೆ.

ಇದಾದ ಮೇಲೆ ಮುಂದಿನದು ಬಂದದ್ದು ಆರು ವರ್ಷಕ್ಕೆ, 2002ರಲ್ಲಿ. ನಡುವೆ 1998ರಲ್ಲಿ ಅಂಕಲ್ ಅನ್ನೋ ತಂಡದ ಆಲ್ಬಂಗೆ ಕೆಲಸ ಮಾಡಿದ್ದ, ಅದು ಬೇರೆ ಲೆಕ್ಕ. ಆರು ವರ್ಷ ಜನ ಕಾದರು ಅಂದರೆ ಏನು ಕಾದರು? ಮೊದಲನೆಯದನ್ನೇ ಇನ್ನೊಮ್ಮೆ ಕಾದರು. ನನಗೆ ಎರಡೂ ಒಟ್ಟಿಗೇ ಸಿಕ್ಕಿದ್ದವು, ಒಂದೇ ಪೆನ್‌ಡ್ರೈವಿನಲ್ಲಿ. ಆದರೂ ನಾನು ಅದೇ ತಪ್ಪು ಮಾಡಿದೆ. ಎರಡನೆಯದನ್ನು ಕೇಳುವಾಗೆಲ್ಲ ಮೊದಲನೆಯದರ ನೆರಳು ಹುಡುಕುತ್ತಿದ್ದೆ. ಡ್ರಮ್ ಇಲ್ಲಿ ಹೆಚ್ಚು ಸ್ವಚ್ಛ, ಮುಂದೆ ಬಂದು ನಿಲ್ಲುತ್ತದೆ. ಆ ಗೋಣಿಚೀಲದ ಒರಟು ಇಲ್ಲ. ಹಾಡಿಂದ ಹಾಡಿಗೆ ಮನಸ್ಥಿತಿ ಎಗರಾಡುತ್ತದೆ. 'ವಾಕಿ ಟಾಕಿ'ಯಲ್ಲಿ ಜಂಬ, ಅದರ ಬೆನ್ನಿಗೇ ದುಃಖ. ಒಂದೇ ರಾತ್ರಿ ಅನಿಸುವುದಿಲ್ಲ. ಈ ದೂರುಗಳಲ್ಲಿ ಕೆಲವನ್ನು ನಾನು ಈಗಲೂ ಬಿಟ್ಟಿಲ್ಲ.

'ಮೊನೊಸಿಲಾಬಿಕ್' ತೆಗೆದುಕೊಳ್ಳಿ. ಒಂದೇ ಒಂದು ಸಣ್ಣ ಸ್ಯಾಂಪಲ್ಲನ್ನು ಹಿಂಡಿ, ತಿರುಚಿ, ಹರಿದು, ಅದರಿಂದಲೇ ಇಡೀ ಹಾಡು ಕಟ್ಟಿದ್ದಾನೆ. ನಾನೂ ರಾತ್ರಿ ಕೂತು ಬೀಟ್ ಮಾಡುವವನು, ಹಗಲೆಲ್ಲ ಹತ್ತಿ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೆದು ಬಂದು ಹನ್ನೆರಡರವರೆಗೆ ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ತುಣುಕು, ಹಿಡಿದು ಕೂರುತ್ತೇನೆ, ಹಾಗಾಗಿ ಅದರ ಹಿಂದಿನ ಶ್ರಮ ನನಗೆ ಕಾಣುತ್ತದೆ. ಬೆರಗಾಗುತ್ತದೆ. ಆದರೆ ಮನಸ್ಸಿಗೆ ತಾಗುವುದಿಲ್ಲ. ಕೆಲಸ ಕಾಣುತ್ತದೆ, ಹಾಡು ಕಾಣುವುದಿಲ್ಲ. 'ರೈಟ್ ಥಿಂಗ್' ಕೂಡ ನನಗೆ ಬೇಡ.

ಇನ್ನು 'ಸಿಕ್ಸ್ ಡೇಸ್'. ಇದರ ಬಗ್ಗೆಯೇ ನಾನು ಜಾಸ್ತಿ ಜಗಳ ಆಡಿದ್ದು. ಇದರಲ್ಲಿ ಕೇಳುವ ಹಾಡು 1971ರದ್ದು, ಕರ್ನಲ್ ಬ್ಯಾಗ್‌ಶಾಟ್ ಅನ್ನೋ ಲಿವರ್‌ಪೂಲ್ ತಂಡದ್ದು, ಯುದ್ಧದ ಬಗ್ಗೆ. ಹಾಡಿದ ದನಿ, ಪದ ಎಲ್ಲ ಇಟ್ಟುಕೊಂಡು ಶ್ಯಾಡೋ ಅದಕ್ಕೆ ಬೇರೆ ನೆಲ ಹಾಕಿದ್ದಾನೆ, ಅಷ್ಟೆ. "ಇದರಲ್ಲಿ ಅವನದು ಏನಿದೆ? ಮೊದಲ ಆಲ್ಬಂನಲ್ಲಿ ನೂರು ಚೂರು ಹೊಲಿದಿದ್ದ, ಇಲ್ಲಿ ಒಂದೇ ಹಾಡನ್ನು ಎತ್ತಿ ಇಟ್ಟಿದ್ದಾನೆ" ಅಂತ ನಾನು ವಾದ ಮಾಡುತ್ತಿದ್ದೆ.

ನಮ್ಮಜ್ಜಿ ಹೊಲಿದ ಒಂದು ಕೌದಿ ಮನೆಯಲ್ಲಿದೆ. ಈ ಕಡೆ ಕೌದಿ ಅಂದರೆ ಹಳೇ ಸೀರೆ, ಧೋತ್ರ, ಅಂಗಿ ಎಲ್ಲದರ ಚೂರು ಸೇರಿಸಿ ಹೊಲಿದದ್ದು, ಅಂಗೈಯಗಲದ ಚೂರುಗಳು. ಆದರೆ ಈ ಕೌದಿಯ ನಡುವೆ ಒಂದು ಇಳಕಲ್ ಸೀರೆಯ ಸೆರಗು ಕತ್ತರಿಸದೆ ಹಾಗೇ ಇದೆ. ಕೆಂಪು ಸೆರಗು, ಅಂಚಿನ ತನಕ. ಅದು ತೀರಿಹೋದ ಅಜ್ಜಿಯ ತಂಗಿಯದಂತೆ. ಅದನ್ನು ಯಾಕೆ ಕತ್ತರಿಸಲಿಲ್ಲ ಅಂತ ಯಾರೂ ಅಜ್ಜಿಯನ್ನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಸುತ್ತಲಿನ ಹೊಲಿಗೆ ಮಾತ್ರ ಬಹಳ ಒತ್ತಾಗಿದೆ, ಸೆರಗು ಜಾರದ ಹಾಗೆ. 'ಸಿಕ್ಸ್ ಡೇಸ್' ಕೂಡ ಹಾಗೇ ಮಾಡಿದ್ದು ಅಂತ ಈಗ ಅನಿಸುತ್ತದೆ. ದನಿಯನ್ನು ಮುಟ್ಟಿಲ್ಲ. ಕೆಲಸ ಎಲ್ಲ ಅದರ ಸುತ್ತ ಇದೆ. ಡ್ರಮ್ ಎಲ್ಲಿ ತಡೆದು ಎಲ್ಲಿ ಬಿಡುತ್ತಾನೆ ಅಂತ ಒಮ್ಮೆ ಗಮನ ಕೊಟ್ಟು ಕೇಳಿ. ಆ ಹಾಡುವವನಿಗೆ ಉಸಿರಾಡಲು ಜಾಗ ಬಿಟ್ಟಿದ್ದಾನೆ. ಇದಕ್ಕೆ ಹಾಂಗ್‌ಕಾಂಗಿನ ಸಿನಿಮಾ ನಿರ್ದೇಶಕ ವಾಂಗ್ ಕಾರ್ ವಾಯ್ ವಿಡಿಯೋ ಮಾಡಿದ್ದಾನೆ, ಅದೂ ಚೆನ್ನಾಗಿದೆ, ಆದರೆ ಮೊದಲು ಕಣ್ಣು ಮುಚ್ಚಿ ಕೇಳಿ.

'ಗಿವಿಂಗ್ ಅಪ್ ದಿ ಗೋಸ್ಟ್' ಬಗ್ಗೆ ಜಗಳವೇ ಇಲ್ಲ. ಮೊದಲ ಆಲ್ಬಂನ ಯಾವ ಹಾಡಿನ ಪಕ್ಕಕ್ಕಾದರೂ ಇಡಬಹುದು. ನನ್ನ ಪ್ರಕಾರ ಒಂದು ಕೈ ಮೇಲೇ.

ಆಮೇಲೆ ದಾರಿಯ ಎರಡು ಹಾಡು. 'ಮ್ಯಾಶಿನ್ ಆನ್ ದಿ ಮೋಟರ್‌ವೇ' ತಮಾಷೆ ಹಾಡು. ಲತೀಫ್ ಅನ್ನೋ ರ‍್ಯಾಪರ್ ಹುಚ್ಚಾಪಟ್ಟೆ ಗಾಡಿ ಓಡಿಸುವವನಾಗಿ ಮಾತಾಡುತ್ತಾನೆ, ಸುತ್ತ ಬೈಗುಳ. ಇದನ್ನು ನಾನು ಯಾವಾಗಲೂ ದಾಟಿಸುತ್ತಿದ್ದೆ. ಅದರ ಮುಂದಿನದು 'ಬ್ಲಡ್ ಆನ್ ದಿ ಮೋಟರ್‌ವೇ', ಒಂಬತ್ತು ನಿಮಿಷ ದಾಟುತ್ತದೆ, ಪಿಯಾನೊ, ನಿಧಾನ. ಅದನ್ನು ಮಾತ್ರ ಕೇಳಿ "ಉದ್ದ ಆಯ್ತು" ಅನ್ನುತ್ತಿದ್ದೆ. ಈ ಸಲ ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಮೊದಲನೆಯದರಲ್ಲಿ ನಗುತ್ತಾ ಗಾಡಿ ಓಡಿಸಿದವನು ಎರಡನೆಯದರಲ್ಲಿ ರಸ್ತೆಯ ಮೇಲೆ ಇದ್ದಾನೆ. ಅಷ್ಟೇ ವಿಷಯ. ಲಿಂಗಸುಗೂರು ರಸ್ತೆಯಲ್ಲಿ ರಾತ್ರಿ ಬಸ್ಸು ನಿಂತು, ಮುಂದೆ ಏನೋ ಆಗಿದೆ ಅಂತ ಎಲ್ಲರೂ ಇಳಿದು, ಒಂದು ಬೈಕ್ ಹೆಡ್‌ಲೈಟ್ ಇನ್ನೂ ಹೊಲದ ಕಡೆ ಉರಿಯುತ್ತಾ ಬಿದ್ದಿದ್ದನ್ನು ನಾನು ನೋಡಿದ್ದೇನೆ. ಯಾರೂ ಮಾತಾಡುತ್ತಿರಲಿಲ್ಲ. ಆ ಒಂಬತ್ತು ನಿಮಿಷ ಉದ್ದ ಅಲ್ಲ.

ಕೊನೆಗೆ ಬರುವ ದೊಡ್ಡ ಹಾಡಿನ ಹೆಸರು 'ಯು ಕಾಂಟ್ ಗೋ ಹೋಮ್ ಅಗೇನ್', ಮನೆಗೆ ವಾಪಸ್ ಹೋಗಲಾಗದು ಅಂತ. ಮೊದಲ ಆಲ್ಬಂ ಮತ್ತೆ ಬೇಕು ಅಂದವರಿಗೆ ಅಲ್ಲೇ ಉತ್ತರ ಇದೆ ಅಂತ ನಾನು ಓದಿಕೊಳ್ಳುತ್ತೇನೆ.

ಆದರೆ ನನ್ನ ಮನಸ್ಸು ಬದಲಾಗಿದ್ದು ಈ ಯಾವ ದೊಡ್ಡ ಹಾಡಿನಿಂದಲೂ ಅಲ್ಲ. ಆಲ್ಬಂನ ಶುರುವಿನಲ್ಲಿ ಮತ್ತು ಕೊನೆಯಲ್ಲಿ 'ಲೆಟರ್ ಫ್ರಮ್ ಹೋಮ್' ಅನ್ನೋ ಸಣ್ಣ ತುಣುಕು ಇದೆ. ಹಿಂದೆ ಅಮೆರಿಕದಲ್ಲಿ ನಾಣ್ಯ ಹಾಕಿ ನಮ್ಮ ಮಾತನ್ನು ಒಂದು ಸಣ್ಣ ಡಿಸ್ಕಿನ ಮೇಲೆ ಕೊರೆಸಿಕೊಂಡು ಮನೆಗೆ ಅಂಚೆಯಲ್ಲಿ ಕಳಿಸುವ ಪೆಟ್ಟಿಗೆಗಳಿದ್ದವು, 1940ರ ದಶಕದಿಂದ. ಕಾಗದದ ಬದಲು ದನಿ. ಪ್ರೈವೇಟ್ ಪ್ರೆಸ್ ಅಂದರೆ ಹೀಗೆ ಮಾರಾಟಕ್ಕಲ್ಲದೆ ತಮಗಾಗಿ, ತಮ್ಮವರಿಗಾಗಿ ಮಾಡಿಸಿಕೊಂಡ ರೆಕಾರ್ಡು. ಶ್ಯಾಡೋ ಹುಡುಕಾಟದಲ್ಲಿ ಅಂಥದ್ದೂ ಸಿಕ್ಕಿದೆ. ಯಾರೋ ತಮ್ಮವರಿಗೆ ಹೇಳಿದ ಮಾತು.

ನಮ್ಮ ಮನೆಯಲ್ಲೂ ಒಂದಿದೆ. ನನ್ನ ಸೋದರಮಾವ ಸೌದಿಯ ದಮ್ಮಾಮ್‌ನಲ್ಲಿ ಡ್ರೈವರ್ ಆಗಿದ್ದರು. ಬರೆಯಲು ಬರುತ್ತಿರಲಿಲ್ಲ. ಫೋನ್ ದುಬಾರಿ, ಅದೂ ಊರಿಗೆಲ್ಲ ಒಂದೇ. ಹಾಗಾಗಿ ಟೇಪ್ ರೆಕಾರ್ಡರ್ ಮುಂದೆ ಕೂತು ಮಾತಾಡಿ, ಊರ ಕಡೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಉಳಿದದ್ದು ಒಂದೇ. ಯಾವುದೋ ಸಿನಿಮಾ ಹಾಡಿನ ಕ್ಯಾಸೆಟ್ ಮೇಲೆ ತುಂಬಿದ್ದು. ಹಿಂದೆ ಫ್ಯಾನ್ ತಿರುಗುವ ಸದ್ದು. ಎಲ್ಲರ ಹೆಸರು ಹೇಳಿ ಹೇಳಿ ಕ್ಷೇಮ ಕೇಳುತ್ತಾರೆ, ಎಮ್ಮೆಯದ್ದೂ ಕೇಳುತ್ತಾರೆ. ಮಾಳಿಗೆಗೆ ಈ ಸಲ ಮಣ್ಣು ಹಾಕಿಸಿರೇನು, ಸೋರತದೇನು ಅಂತ ಕೇಳುವಾಗಲೇ ಮಾತು ಕಟ್ಟಾಗಿ, ಅಡಿಯಲ್ಲಿದ್ದ ಸಿನಿಮಾ ಹಾಡು ನಡುವಿನಿಂದ ಶುರುವಾಗುತ್ತದೆ. ಮಾವ ತೀರಿಕೊಂಡು ಆರು ವರ್ಷವಾಯಿತು.

ಆ ವಾರ ಆಲ್ಬಂ ಕೇಳಿದ ಮೇಲೆ ಕ್ಯಾಸೆಟ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಮಾವನ ಮಾತಿನ ಅಡಿ ಒಂದು ಬೀಟ್ ಇಟ್ಟೆ. ಮುದಗಲ್ಲಿನಲ್ಲಿ ಫೋನಿನಲ್ಲಿ ಹಿಡಿದಿದ್ದ ಹಲಗಿಯದ್ದೇ ತುಣುಕು, ನಿಧಾನ ಮಾಡಿದ್ದು. ನಾಲ್ಕು ರಾತ್ರಿ ಕೂತೆ. ಚೆನ್ನಾಗಿಯೇ ಕೂಡಿತ್ತು. ಐದನೇ ದಿನ ಅಮ್ಮನನ್ನು ಕರೆದು ಸ್ಪೀಕರಿನಲ್ಲಿ ಹಾಕಿದೆ. ಕಡೆತನಕ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು ಅಮ್ಮ ಅಂದದ್ದು ಇಷ್ಟು: "ಆ ಹಲಗಿ ತಗಿ. ಅವನ ಮಾತ ಕೇಳಸವಲ್ದು."

ರಾತ್ರಿ ಮಾಳಿಗೆ ಮೇಲೆ ಹೋಗಿ 'ಪ್ರೈವೇಟ್ ಪ್ರೆಸ್' ಮೊದಲ ತುಣುಕು ಮತ್ತೆ ಹಾಕಿದೆ. ಆ ಕಾಗದದ ದನಿಯ ಅಡಿಯಲ್ಲಿ ಶ್ಯಾಡೋ ಡ್ರಮ್ ಇಟ್ಟಿಲ್ಲ.