ಹೆಸರು ಶಾಕಪ್ಸರ್, ಒಳಗೆ ಬರೀ ಸ್ಪ್ರಿಂಗು

ಉಡುಪಿ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಆಟೊಮೊಬೈಲ್ ಲ್ಯಾಬು ನನ್ನ ಸುಪರ್ದಿ. ಅಲ್ಲಿ ಉದ್ದಕ್ಕೆ ಸೀಳಿ ಇಟ್ಟ ಒಂದು ಸ್ಕೂಟರ್ ಶಾಕಪ್ಸರ್ ಉಂಟು. 11 ವರ್ಷದಿಂದ ಅದರ ಮೇಲೆ ಬೆರಳಿಟ್ಟು ಒಂದೇ ಪಾಠ ಹೇಳುತ್ತಾ ಬಂದಿದ್ದೇನೆ. "ಇದು ಸ್ಪ್ರಿಂಗು, ಹೊಡೆತ ತೆಗೆದುಕೊಳ್ಳುತ್ತದೆ. ಇದು ಡ್ಯಾಂಪರು, ಕುಣಿತ ನಿಲ್ಲಿಸುತ್ತದೆ." ಮಕ್ಕಳು ಬರೆದುಕೊಳ್ಳುತ್ತಾರೆ, ವೈವಾದಲ್ಲಿ ಒಪ್ಪಿಸುತ್ತಾರೆ.

ಕಳೆದ ಡಿಸೆಂಬರಿನಲ್ಲಿ ಶಾಲಾ ಮಕ್ಕಳು ನಮ್ಮ ಲ್ಯಾಬು ನೋಡಲು ಬರುವವರಿದ್ದರು. ಏನಾದರೂ ಓಡುವಂಥದ್ದು ತೋರಿಸಬೇಕಿತ್ತು. ಹಳೆ ವಿದ್ಯಾರ್ಥಿಯೊಬ್ಬರು ಕೊಟ್ಟ ಲೆಗೋ ಟೆಕ್ನಿಕ್ (ತೂತಿನ ಪಟ್ಟಿ, ಗೇರು, ಪಿನ್ನು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಆಟಿಕೆ) ಡಬ್ಬಗಳು ಕಪಾಟಿನಲ್ಲಿ ಸುಮ್ನೆ ಬಿದ್ದಿದ್ದವು. ಮೋಟರಿನ ರೇಸ್ ಕಾರು ಕಟ್ಟೋಣ ಅಂತ ನಾಲ್ಕು ಜನ ಮೂರನೇ ವರ್ಷದವರನ್ನು ಸೇರಿಸಿಕೊಂಡೆ. ಆಟಿಕೆ ಅಂತ ನಗಬೇಡಿ. ಟೆಕ್ನಿಕ್ ಪಟ್ಟಿಯ ಒಂದು ತೂತಿನಿಂದ ಇನ್ನೊಂದಕ್ಕೆ ಸರಿಯಾಗಿ 8 ಮಿಲಿಮೀಟರ್. ಡ್ರಿಲ್ಲಿಂಗ್ ಇಲ್ಲ, ವೆಲ್ಡಿಂಗ್ ಇಲ್ಲ. ಮನಸ್ಸಿಗೆ ಬಂದ ಸಸ್ಪೆನ್ಶನ್ (ಚಕ್ರವನ್ನು ಸ್ಪ್ರಿಂಗಿನ ಮೂಲಕ ಬಾಡಿಗೆ ಹಿಡಿಸುವ ಜೋಡಣೆ) ಸಂಜೆ ಆಗುವುದರೊಳಗೆ ಕೈಯಲ್ಲಿ ಇರುತ್ತದೆ.

ಹಿಂದಿನ ಚಕ್ರಗಳಿಗೆ ಲೆಗೋದ 'ಎಲ್' ಅನ್ನುವ ಮೋಟರು ಎರಡು. ಭಾರ ಇಲ್ಲದಾಗ ನಿಮಿಷಕ್ಕೆ ಸುಮಾರು 380 ಸುತ್ತು. ಮೋಟರಿಗೆ 20 ಹಲ್ಲಿನ ಗೇರು, ಚಕ್ರದ ಕಡೆಗೆ 12 ಹಲ್ಲಿನದ್ದು. ಟಯರು 62.4 ಮಿಲಿಮೀಟರ್ ವ್ಯಾಸದ್ದು. ಲೆಕ್ಕ ಹಾಕಿದರೆ ಸೆಕೆಂಡಿಗೆ 2 ಮೀಟರ್ ಬರುತ್ತದೆ. ಕಾಗದದ ಮೇಲೆ ಮಾತ್ರ. ಆರು ಸಾಮಾನ್ಯ ಸೆಲ್ಲು ಹಾಕಿದರೆ 9 ವೋಲ್ಟ್, ಚಾರ್ಜ್ ಮಾಡುವ ಸೆಲ್ಲು ಹಾಕಿದರೆ 7.2. ನಮ್ಮಲ್ಲಿ ಇದ್ದದ್ದು ಎರಡನೇದು, ಹಾಗಾಗಿ ವೇಗ ಇನ್ನೂ ಕಡಿಮೆ.

ಒಬ್ಬ ಹುಡುಗನಿಗೆ 1992ರ ವಿಲಿಯಮ್ಸ್ ಫಾರ್ಮುಲಾ ಒನ್ ಕಾರಿನ ಹಾಗೆ ಆ್ಯಕ್ಟಿವ್ ಸಸ್ಪೆನ್ಶನ್ನೇ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ತಾನೇ ಏರಿಳಿಯುವಂಥದ್ದೇ ಬೇಕಂತೆ. "ಅದನ್ನು 1994ರಿಂದ ಬ್ಯಾನ್ ಮಾಡಿದ್ದಾರೆ ಮಾರಾಯ" ಅಂತ ಹೇಳಿ ತಪ್ಪಿಸಿಕೊಂಡೆ. ನನ್ನ ತಲೆಯಲ್ಲಿ ಬೇರೆಯೇ ಒಂದು ಹುಳ ಇತ್ತು, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ. 1948ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ ಬಡವರ ಕಾರು. ಉತ್ತ ಗದ್ದೆಯಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಹೋದರೂ ಮೊಟ್ಟೆ ಒಡೆಯಬಾರದು ಅನ್ನುವುದು ಅದರ ಹಿಂದಿನ ಪ್ರಸಿದ್ಧ ಷರತ್ತು. ಅದರಲ್ಲಿ ಒಂದೊಂದು ಬದಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸ್ಪ್ರಿಂಗಿನ ಸಂಬಂಧ ಉಂಟು. ಮುಂದಿನ ಚಕ್ರ ಉಬ್ಬು ಹತ್ತಿದರೆ ಹಿಂದಿನದ್ದು ಕೆಳಗೆ ಒತ್ತುತ್ತದೆ, ಬಾಡಿ ಮಟ್ಟವಾಗಿ ಉಳಿಯುತ್ತದೆ. ಇದನ್ನು ರೇಸ್ ಕಾರಿಗೆ ಹಾಕಿದರೆ ಹೇಗೆ?

ಕಟ್ಟಿದೆವು. ಚಕ್ರ ಹಿಡಿದ ಕೈಯಿಂದ (ಆರ್ಮ್) ಪುಶ್‌ರಾಡು, ಅಂದರೆ ತಳ್ಳುವ ಕಡ್ಡಿ, ಪುಶ್‌ರಾಡಿನಿಂದ ಬೆಲ್ ಕ್ರ್ಯಾಂಕು, ಅಂದರೆ ಆ ತಳ್ಳುವಿಕೆಯ ದಿಕ್ಕು ತಿರುಗಿಸುವ ಮೂಲೆ ಸನ್ನೆ, ಮುಂದಿನ ಮತ್ತು ಹಿಂದಿನ ಬೆಲ್ ಕ್ರ್ಯಾಂಕುಗಳ ನಡುವೆ ಉದ್ದಕ್ಕೆ ಮಲಗಿಸಿದ ಲೆಗೋ ಶಾಕಪ್ಸರು. ಮೇಜಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿದೆ. ಬೆಣ್ಣೆಯ ಹಾಗೆ ಕೆಳಗೆ ಹೋಯಿತು, ಮೆಲ್ಲಗೆ ಮೇಲೆ ಬಂತು. ಬಂದವರಿಗೆಲ್ಲ ಒತ್ತಿ ತೋರಿಸಿದೆ. ಎರಡು ದಿನ ಅದೇ ಕೆಲಸ.

ಮೂರನೇ ದಿನ ಕಾರಿಡಾರಿನಲ್ಲಿ ಬಿಟ್ಟೆವು. ಮೋಟರು ಚಾಲೂ ಆದದ್ದೇ ತಡ, ಮಲ್ಪೆಯಲ್ಲಿ ದೋಣಿ ಅಲೆ ಏರಿದ ಹಾಗೆ ಮೂಗು ಮೇಲೆ, ಹಿಂಭಾಗ ನೆಲಕ್ಕೆ. ನಿಂತ ಮೇಲೂ ಹಾಗೇ ಕೂತಿತ್ತು.

ಕಾರಣ ಈಗ ಹೇಳುವುದು ಸುಲಭ. ಮುಂದಿನ, ಹಿಂದಿನ ಚಕ್ರ ಒಟ್ಟಿಗೆ ಮೇಲೆ ಹೋದರೆ ನಡುವಿನ ಸ್ಪ್ರಿಂಗು ತಡೆಯುತ್ತದೆ. ಹಿಂದಿನದು ಮೇಲೆ, ಮುಂದಿನದು ಕೆಳಗೆ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಕಡೆ ಎಳೆದಷ್ಟನ್ನು ಇನ್ನೊಂದು ಕಡೆ ಬಿಟ್ಟುಕೊಡುತ್ತದೆ. ವೇಗ ಹಿಡಿಯುವಾಗ ಆಗುವುದೇ ಇದು. ನಾನು ಒತ್ತುತ್ತಿದ್ದದ್ದು ಕಾರಿನ ನಡು ಬೆನ್ನನ್ನು! ನಾಲ್ಕೂ ಚಕ್ರ ಒಟ್ಟಿಗೆ ಕೂರುವ ಪರೀಕ್ಷೆ. ಪಾಸಾಗುವ ಪ್ರಶ್ನೆಯನ್ನೇ ಎರಡು ದಿನ ಕೇಳುತ್ತಿದ್ದೆ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಮಕ್ಕಳ ಎದುರು ಮುಖ ಉಳಿಸಿಕೊಳ್ಳುವ ಗಡಿಬಿಡಿ, ಅಲ್ವಾ? ಒಂದೇ ಸಂಜೆ ನಾಲ್ಕು ಬದಲಾವಣೆ. ಒಂದೊಂದು ಚಕ್ರಕ್ಕೂ ಬೇರೆ ಸ್ಪ್ರಿಂಗು ಸೇರಿಸಿದೆ. ಬ್ಯಾಟರಿ ಡಬ್ಬ ಮುಂದಕ್ಕೆ ತಂದೆ. ಟಯರು ಬದಲಿಸಿದೆ. ಚಕ್ರ ಹಿಡಿದ ಕೈಗಳ ಕೀಲಿನಲ್ಲಿದ್ದ ಕಪ್ಪು ಪಿನ್ನು ತೆಗೆದು ಬೂದು ಪಿನ್ನು ಹಾಕಿಸಿದೆ. ಮೂಗು ಏರುವುದು ಕಡಿಮೆಯಾಯಿತು. ಆದರೆ ಕಾರು ಕಾರಿಡಾರಿನ ಉದ್ದಕ್ಕೂ ಕಪ್ಪೆಯ ಹಾಗೆ ಕುಪ್ಪಳಿಸಿತು. ಯಾವ ಬದಲಾವಣೆಯಿಂದ ಏನಾಯಿತು ಅಂತ ನನಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ.

ಆಗ ತಂಡದಲ್ಲಿದ್ದ ಹುಡುಗಿ, ಮಾತು ಬಹಳ ಕಡಿಮೆ ಅವಳದ್ದು, ಕೇಳಿದಳು. "ಸರ್, ಇದರಲ್ಲಿ ಡ್ಯಾಂಪರ್ ಎಲ್ಲಿ ಉಂಟು?"

ಲೆಗೋ ಶಾಕಪ್ಸರನ್ನು ಕೈಯಲ್ಲಿ ಹಿಡಿದು ನೋಡಿದೆ. ಕೊಳವೆಯೊಳಗೆ ಜಾರುವ ಕಡ್ಡಿ, ಸುತ್ತ ಸ್ಪ್ರಿಂಗು. ಎಣ್ಣೆ ಇಲ್ಲ, ವಾಲ್ವ್ ಇಲ್ಲ. ಹೆಸರು ಮಾತ್ರ ಶಾಕ್ ಅಬ್ಸಾರ್ಬರ್. ಸೀಳಿದ ಶಾಕಪ್ಸರಿನ ಎದುರು 11 ವರ್ಷ ಪಾಠ ಮಾಡಿದವನಿಗೆ ಇದು ಹೊಳೆಯಲಿಲ್ಲ. ಮೊದಲು ಅಷ್ಟು ನಯವಾಗಿ ಮೇಲೆ ಬರುತ್ತಿದ್ದದ್ದು ಕಪ್ಪು ಪಿನ್ನಿನಿಂದ. ಕಪ್ಪು ಪಿನ್ನಿಗೆ ಸಣ್ಣ ಏಣುಗಳಿವೆ, ತೂತಿನಲ್ಲಿ ಬಿಗಿಯಾಗಿ ಉಜ್ಜುತ್ತದೆ. ಬೂದು ಪಿನ್ನು ನುಣುಪು, ಸಲೀಸಾಗಿ ತಿರುಗುತ್ತದೆ. ಆ ಉಜ್ಜಾಟವೇ ನಮ್ಮ ಡ್ಯಾಂಪರ್ ಆಗಿತ್ತು. ನಾನೇ ಅದನ್ನು ಕಿತ್ತು ಹಾಕಿಸಿದ್ದೆ.

"ಯಾವಾಗ ಗೊತ್ತಾಯ್ತು?" ಅಂತ ಕೇಳಿದೆ. ಕಟ್ಟಿದ ಮೊದಲ ದಿನವೇ ಅನುಮಾನ ಇತ್ತಂತೆ. "ಮತ್ತೆ ಹೇಳಲಿಲ್ಲ ಯಾಕೆ?" "ನೀವೇ ಎಲ್ಲರಿಗೂ ಒತ್ತಿ ತೋರಿಸ್ತಾ ಇದ್ರಿ ಸರ್." ಈ ಉತ್ತರಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಚಹಾ ತರಿಸಿದೆ.

ಅಲ್ಲಿಂದ ಮುಂದೆ ಕೆಲಸ ಅವಳ ಕೈಗೆ. ಮೊದಲು ಕಾರನ್ನು ಹಿಂದಿನ ಸ್ಥಿತಿಗೆ ತಂದಳು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಫೋನಿನಲ್ಲಿ ಸ್ಲೋ ಮೋಷನ್. ಚಕ್ರಕ್ಕೊಂದು ಮೆದು ಸ್ಪ್ರಿಂಗು ಉಳಿಯಿತು, ನಡುವಿನ ಜೋಡಣೆಗೆ ಗಟ್ಟಿ ಶಾಕಪ್ಸರಿನ ಬದಲು ರಬ್ಬರ್ ಬ್ಯಾಂಡು ಬಂತು. ಕೈಗಳ ಕೀಲುಗಳಿಗೆಲ್ಲ ಬೂದು ಪಿನ್ನು. ಉಜ್ಜಾಟ ಬೇಕಾದಷ್ಟು ಬೆಲ್ ಕ್ರ್ಯಾಂಕಿನಲ್ಲಿ ಮಾತ್ರ. ಅಲ್ಲಿ ಕಪ್ಪು ಪಿನ್ನು ಒಂದೂ ಇಲ್ಲದಿದ್ದರೆ ಕಾರು ಆರೇಳು ಸಲ ಕುಣಿಯುತ್ತಿತ್ತು. ಒಂದು ಹಾಕಿದರೆ ಮೂರು ಸಲ. ಎರಡು ಹಾಕಿದರೆ ಒಂದು ಸಲ ಬಗ್ಗಿ ನಿಲ್ಲುತ್ತಿತ್ತು. ಮೂರು ಹಾಕಿದರೆ ಒತ್ತಿದಲ್ಲೇ ಅಂಟಿಕೊಳ್ಳುತ್ತಿತ್ತು. ನಿಜವಾದ ಎಣ್ಣೆ ಡ್ಯಾಂಪರು ವೇಗ ಜಾಸ್ತಿಯಾದ ಹಾಗೆ ಜಾಸ್ತಿ ತಡೆಯುತ್ತದೆ. ಪಿನ್ನಿಗೆ ಆ ಬುದ್ಧಿ ಇಲ್ಲ, ಮೆಲ್ಲಗೆ ಹೋದರೂ ಜೋರಾಗಿ ಹೋದರೂ ಅಷ್ಟೇ ಹಿಡಿತ. ಅಂಟುವುದು ಅದಕ್ಕೇ.

ಕಾರು ಹತ್ತಿಳಿಯಬೇಕಾದ ಉಬ್ಬುಗಳಿಗೆ ನಮ್ಮ ವರ್ಕ್‌ಶಾಪಿನ ಬಡಗಿ ಆಚಾರ್ರ ಹತ್ತಿರ ಹೋದೆವು. ಹೆಂಚಿನ ಮಾಡಿನ ಹಳೆ ರೀಪುಗಳನ್ನು (ಮರದ ಪಟ್ಟಿಗಳನ್ನು) 8 ಮಿಲಿಮೀಟರಿಗೆ ಕೀಸಿ 12 ತುಂಡು ಮಾಡಿಕೊಟ್ಟರು. ಕಾರು ನೋಡಿ ಅವರು ಹೇಳಿದ್ದು, "ಕಂಬಳದಲ್ಲಿ ಅಡ್ಡ ಹಲಗೆಯ ಮೇಲೆ ನಿಂತವನಿಗೆ ಎಂತ ಸ್ಪ್ರಿಂಗು? ಮೊಣಗಂಟೇ ಎಲ್ಲ." ತಮಾಷೆಗೆ ಹೇಳಿದ್ದಿರಬಹುದು. ಆದರೆ ಸ್ಪ್ರಿಂಗೂ ಡ್ಯಾಂಪರೂ ಎರಡೂ ಆ ಮೊಣಗಂಟಿನಲ್ಲೇ ಇವೆ, ಲೆಕ್ಕ ಸರಿ.

ಮೊಟ್ಟೆಯ ಬದಲು ನಾವು ಅಡಿಕೆ ಇಟ್ಟೆವು. ಬಾಟಲಿ ಮುಚ್ಚಳದಲ್ಲಿ ಒಂದು ಗೋಟಡಿಕೆ, ಮುಚ್ಚಳ ಕಾರಿನ ನೆತ್ತಿಗೆ. ಸ್ಪರ್ಧೆಗೆ ಇನ್ನೊಂದು ತಂಡ ಸಸ್ಪೆನ್ಶನ್ನೇ ಇಲ್ಲದ ಕಾರು ಕಟ್ಟಿತ್ತು. ಸಪಾಟು ನೆಲದ 10 ಮೀಟರಿನಲ್ಲಿ ಅದೇ ಗೆದ್ದಿತು. ಅದಕ್ಕೆ 6 ಸೆಕೆಂಡು, ನಮಗೆ 7. ಅದರ ತೂಕ ಕಡಿಮೆ, ಕೀಲುಗಳೇ ಇಲ್ಲ, ಗೆಲ್ಲಲೇಬೇಕು. ರೀಪು ಹಾಸಿದ ಮೇಲೆ ಅವರ ಅಡಿಕೆ ಎರಡನೇ ಪಟ್ಟಿಯಲ್ಲೇ ಹಾರಿತು. ನಮ್ಮದು ಮೂರು ಓಟದಲ್ಲಿ ಎರಡು ಸಲ ಕೊನೆಯವರೆಗೆ ಹೋಯಿತು, ಒಂದು ಸಲ ಒಂಬತ್ತನೇ ಪಟ್ಟಿಯಲ್ಲಿ ಬಿತ್ತು. ಶಾಲೆಯ ಮಕ್ಕಳಿಗೆ ಕಾರಿಗಿಂತ ಅಡಿಕೆ ಹೆಕ್ಕುವುದೇ ಮಜಾ.

ಈಗ ಪಾಠ ಶುರುವಾಗುವುದು ಸೀಳಿದ ಶಾಕಪ್ಸರಿನಿಂದ ಅಲ್ಲ. ಕಾರನ್ನು ಕೈಗೆ ಕೊಡುತ್ತೇನೆ, ಜೊತೆಗೆ ಎರಡು ಬಣ್ಣದ ಪಿನ್ನು. ನಾನು ಒತ್ತಿ ತೋರಿಸುವುದಿಲ್ಲ. ಹತ್ತು ನಿಮಿಷ ಬಾಯಿಯೂ ತೆರೆಯುವುದಿಲ್ಲ, ಇದೇ ಕಷ್ಟ.

ಆ ಹುಡುಗಿ ಈಗ ಕೊನೆಯ ವರ್ಷ. ಡಬ್ಬದ ತಳದಲ್ಲಿ ಲೆಗೋದ ನ್ಯೂಮ್ಯಾಟಿಕ್ (ಗಾಳಿಯಿಂದ ನಡೆಯುವ) ಸಿಲಿಂಡರು ಎರಡು ಸಿಕ್ಕಿವೆ. ಕೊಳವೆಯನ್ನು ಅರ್ಧ ಹಿಸುಕಿ, ಗಾಳಿ ಮೆಲ್ಲಗೆ ಹೊರಗೆ ಹೋಗುವ ಹಾಗೆ ಮಾಡಿದರೆ ಪಿನ್ನಿಗಿಂತ ಒಳ್ಳೆಯ ಡ್ಯಾಂಪರ್ ಆಗುತ್ತದೆ ಅಂತ ಅವಳ ವಾದ. ಗಾಳಿ ಎಣ್ಣೆಯ ಹಾಗಲ್ಲ, ಕುಗ್ಗುತ್ತದೆ, ಅದೇ ಇನ್ನೊಂದು ಸ್ಪ್ರಿಂಗ್ ಆಗಿಬಿಡುತ್ತದೆ ಅಂತ ನನ್ನ ವಾದ. ಶನಿವಾರ ಮಧ್ಯಾಹ್ನ ಕಾರಿಡಾರು ಖಾಲಿ ಇರುತ್ತದೆ. ರೀಪು, ಅಡಿಕೆ ತಯಾರಿವೆ.