ಕಡಲ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಮಲಗಬಹುದಾ?

ದಕ್ಷಿಣ ಸ್ಪೇನಿನ ಕರಾವಳಿಯಲ್ಲಿ ಹಾಸಿಗೆ, ಒಲೆ, ಶೌಚ ಎಲ್ಲ ಒಳಗೇ ಇರುವ ಗಾಡಿಯಲ್ಲಿ, ಅಂದರೆ ಮೋಟರ್‌ಹೋಮಿನಲ್ಲಿ ಓಡಾಡುವ ನಮ್ಮಿಬ್ಬರನ್ನು ಎಲ್ಲರೂ ಕೇಳುವುದು ಇದೊಂದನ್ನೇ: "ರಾತ್ರಿ ಎಲ್ಲಿ ಮಲಗ್ತೀರಿ? ಬೀಚಿನ ಪಕ್ಕ ಗಾಡಿ ನಿಲ್ಲಿಸಿದರೆ ಆಯ್ತಲ್ವಾ?" ನಿಲ್ಲಿಸಿದ ಗಾಡಿಯೊಳಗೆ ಮಲಗಲು ಸ್ಪೇನಿನ ಸಂಚಾರ ನಿಯಮದ ಅಡ್ಡಿಯಿಲ್ಲ. ಆದರೆ ಕಂಡಕಂಡಲ್ಲಿ ಕ್ಯಾಂಪ್ ಹೂಡುವಂತಿಲ್ಲ, ಮರಳಿಗಂತೂ ಗಾಡಿ ಇಳಿಸುವಂತೆಯೇ ಇಲ್ಲ. ಈ ಮೂರು ಮಾತಿನ ನಡುವಿನ ಗೆರೆ ಗೊತ್ತಿದ್ದರೆ ರಾತ್ರಿ ಎರಡು ಗಂಟೆಗೆ ಪೊಲೀಸರು ಬಾಗಿಲು ತಟ್ಟುವುದು ತಪ್ಪುತ್ತದೆ.

ಸಂಚಾರ ಇಲಾಖೆ, ಅಂದರೆ ಡಿಜಿಟಿ, 2008ರಲ್ಲಿ ಒಂದು ಸೂಚನೆ ಹೊರಡಿಸಿತು; 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಎರಡರ ತಿರುಳೂ ಒಂದೇ. ಗಾಡಿ ಚಕ್ರಗಳ ಮೇಲಷ್ಟೇ ನಿಂತಿರಬೇಕು, ತನ್ನ ಉದ್ದಗಲ ಬಿಟ್ಟು ಆಚೆ ಚಾಚಬಾರದು, ನೀರು ಸುರಿಸಬಾರದು, ಸದ್ದು ಮಾಡಬಾರದು. ಹೀಗಿದ್ದರೆ ಅದು ಪಾರ್ಕಿಂಗ್; ಒಳಗಿರುವವರು ಊಟ ಮಾಡಲಿ, ನಿದ್ದೆ ಮಾಡಲಿ, ಕೇಳುವಂತಿಲ್ಲ. ಆಸರೆಯ ಕಾಲುಗಳನ್ನು ಕೆಳಗಿಳಿಸಿದಿರಿ, ನೆರಳಿನ ಪರದೆ ಬಿಚ್ಚಿದಿರಿ, ಎರಡು ಕುರ್ಚಿ ಹೊರಗಿಟ್ಟಿರಿ ಎಂದರೆ ಅದು ಕ್ಯಾಂಪಿಂಗ್. ಹೊರಕ್ಕೆ ತೆರೆಯುವ ಕಿಟಕಿಯನ್ನೂ ಮುಚ್ಚಿಡುವುದು ಒಳ್ಳೆಯದು, ಗಾಳಿಗೆ ಚಾವಣಿಯ ಕಿಂಡಿ ಸಾಕು. ಗಾಡಿ ಮಟ್ಟವಾಗಿ ನಿಲ್ಲಲೆಂದು ಚಕ್ರದ ಕೆಳಗೆ ಇಡುವ ಬೆಣೆಗಳನ್ನು ಕೂಡ ಕೆಲವು ಪೊಲೀಸರು ಕ್ಯಾಂಪಿಂಗ್ ಸಾಮಾನು ಎಂದೇ ಎಣಿಸುತ್ತಾರೆ. ಹಾಗೆಂದು ವಾಲಿದ ಜಾಗದಲ್ಲಿ ನಿಂತರೆ ಗ್ಯಾಸಿನಿಂದ ನಡೆಯುವ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ. ಆದ್ದರಿಂದ ಬೆಣೆ ಹುಡುಕುವ ಮೊದಲು ಸಮತಟ್ಟಾದ ಜಾಗ ಹುಡುಕಬೇಕು.

ಸಮುದ್ರದ ಅಂಚಿಗೆ ಬೇರೆಯೇ ಕಾನೂನು. 1988ರ ಕರಾವಳಿ ಕಾಯ್ದೆಯ ಪ್ರಕಾರ ಕಡಲತೀರದ ಮೇಲೆ ವಾಹನ ನಿಲ್ಲಿಸುವುದು, ಓಡಿಸುವುದು, ಕ್ಯಾಂಪ್ ಮಾಡುವುದು ಎಲ್ಲಕ್ಕೂ ನಿಷೇಧವಿದೆ. ತೀರ ಎಂದರೆ ಬರೀ ಮರಳಲ್ಲ, ಕಲ್ಲುಹರಳಿನ ದಡ, ಮರಳುದಿಬ್ಬ ಕೂಡ. ಇದರ ಮೇಲೆ ಊರೂರಿನ ಪುರಸಭೆಯ ನಿಯಮ ಬೇರೆ. ಎಷ್ಟೋ ಕಡೆ ಬೀಚಿನ ಪಾರ್ಕಿಂಗಿಗೆ ಎರಡು ಮೀಟರಿನಷ್ಟು ಎತ್ತರದ ಅಡ್ಡಪಟ್ಟಿ ಹಾಕಿರುತ್ತಾರೆ, ಮೂರು ಮೀಟರ್ ಸಮೀಪದ ನಮ್ಮ ಗಾಡಿಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಅಲ್ಮೆರಿಯ ಪ್ರಾಂತ್ಯದ ಕಾಬೊ ದೆ ಗಾತಾ ಸಂರಕ್ಷಿತ ಪ್ರದೇಶದಲ್ಲಿ ಮೊನ್ಸುಲ್, ಹೆನೊವೇಸಸ್‌ನಂಥ ತೀರಗಳಿಗೆ ಹಗಲು ಹೋಗಿ ಬರಬೇಕು, ಬೇಸಿಗೆಯಲ್ಲಿ ಒಳಬಿಡುವ ವಾಹನಗಳಿಗೂ ಮಿತಿಯಿದೆ. ರಾತ್ರಿಗೆ ಪಕ್ಕದ ಕ್ಯಾಂಪ್‌ಸೈಟ್ ಹಿಡಿಯುವುದೇ ಸರಿ. ಆ ದಿಬ್ಬಗಳು, ಆ ಮುಳ್ಳುಪೊದೆಗಳು ಒಮ್ಮೆ ಚಕ್ರಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ವರ್ಷಗಳು ಬೇಕು, ಈ ನಿಷೇಧವನ್ನು ನಾವು ಮನಸಾರೆ ಒಪ್ಪುತ್ತೇವೆ. ದಂಡ ಬಿದ್ದರೆ ಸ್ಪೇನಿನಲ್ಲಿ ವಿಳಾಸವಿಲ್ಲದವರು ಸಂಚಾರದ ದಂಡವನ್ನು ಅಲ್ಲೇ ಕಟ್ಟಬೇಕಾಗಬಹುದು. ಆಗ ಸಾಮಾನ್ಯವಾಗಿ ಅರ್ಧ ರಿಯಾಯಿತಿ ಸಿಗುತ್ತದೆ.

ಹಾಗಾದರೆ ಎಲ್ಲಿ? ನಮ್ಮ ಲೆಕ್ಕ ಶುರುವಾಗುವುದು ಶೌಚದ ಕ್ಯಾಸೆಟ್ಟಿನಿಂದ (ಕಮೋಡಿನ ಕೆಳಗಿರುವ, ಹೊರತೆಗೆದು ಖಾಲಿ ಮಾಡುವ ಪೆಟ್ಟಿಗೆ), ಕಡಲ ನೋಟದಿಂದಲ್ಲ. ಕ್ಯಾಸೆಟ್ಟಿಗೆ 17ರಿಂದ 20 ಲೀಟರ್ ಹಿಡಿಯುತ್ತದೆ, ಇಬ್ಬರಿಗೆ ಎರಡು ದಿನ, ಬಹಳವೆಂದರೆ ಮೂರು. ಶುದ್ಧ ನೀರಿನ ಟ್ಯಾಂಕು 100ರಿಂದ 120 ಲೀಟರ್. ದಿನಕ್ಕೆ ಇಬ್ಬರಿಗೆ 35-40 ಲೀಟರಿನಲ್ಲಿ ಮುಗಿಸಿದರೆ ಅದೂ ಮೂರು ದಿನಕ್ಕೇ ಬರುತ್ತದೆ. ಎಂದರೆ ಮೂರನೆಯ ದಿನ ಎಲ್ಲಿದ್ದರೂ ಖಾಲಿ ಮಾಡಿ ತುಂಬಿಸುವ ಜಾಗಕ್ಕೆ ಹೋಗಲೇಬೇಕು. ಎರಡು ರಾತ್ರಿ ಮೋಟರ್‌ಹೋಮುಗಳಿಗೆಂದೇ ಇರುವ ನಿಲ್ದಾಣದಲ್ಲಿ ಅಥವಾ ಅನುಮತಿಯಿರುವ ಪಾರ್ಕಿಂಗಿನಲ್ಲಿ, ಮೂರನೆಯ ರಾತ್ರಿ ಕ್ಯಾಂಪ್‌ಸೈಟಿನಲ್ಲಿ. ಈ ಲಯ ಹಿಡಿದರೆ ಬಟ್ಟೆ ಒಗೆಯುವುದೂ ಮುಗಿಯುತ್ತದೆ.

ಕ್ಯಾಸೆಟ್ ಖಾಲಿ ಮಾಡುವಾಗ ಮೂತಿಯನ್ನು ಕೆಳಮುಖ ಮಾಡಿದ ಮೇಲಷ್ಟೇ ಗಾಳಿಯ ಗುಂಡಿ ಒತ್ತಬೇಕು. ಒತ್ತದಿದ್ದರೆ ಗುಳುಗುಳು ಎಂದು ಸಿಡಿಯುತ್ತದೆ, ಮೊದಲೇ ಒತ್ತಿದರೆ ಗುಂಡಿಯಿಂದಲೇ ಸೋರುತ್ತದೆ. ಅಂದಲೂಸಿಯಾದ ಒಣ ಬಿಸಿಲಿಗೆ ಮುಚ್ಚಳದ ರಬ್ಬರ್ ಸೀಲ್ ಬೇಗ ಒಣಗಿ ಜಿನುಗತೊಡಗುತ್ತದೆ. ಅದಕ್ಕೆ ಸಿಲಿಕೋನ್ ಸ್ಪ್ರೇ ಹಚ್ಚಿ. ಅಡುಗೆ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಕೆಡುತ್ತದೆ. ಪಾತ್ರೆ ತೊಳೆದ ನೀರು, ಬಚ್ಚಲ ನೀರು ಕೂಡ ಜಾಲರಿಯಿರುವ ನಿಗದಿತ ಜಾಗದಲ್ಲೇ ಬಿಡಬೇಕು. ದಾರಿಬದಿಯಲ್ಲಿ ಒಬ್ಬರು ಬಿಟ್ಟ ಕೊಳಕು ನೀರಿಗೆ ಇಡೀ ಊರು ಎಲ್ಲ ಮೋಟರ್‌ಹೋಮುಗಳಿಗೂ ಬಾಗಿಲು ಹಾಕುತ್ತದೆ.

ಕ್ಯಾಂಪ್‌ಸೈಟಿನಲ್ಲಿ ಜಾಗ ಹಿಡಿಯುವಾಗ ಕರೆಂಟು ಎಷ್ಟು ಆಂಪಿಯರ್ ಎಂದು ಕೇಳಿ. 6 ಆಂಪಿಯರ್ ಎಂದರೆ 230 ವೋಲ್ಟಿನಲ್ಲಿ 1,380 ವ್ಯಾಟ್. 2,000 ವ್ಯಾಟಿನ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ, ಅದನ್ನು ಮತ್ತೆ ಮೇಲೆತ್ತುವ ಪೆಟ್ಟಿಗೆಯ ಬೀಗದ ಕೈ ಸಿಬ್ಬಂದಿಯ ಹತ್ತಿರ ಇರುವುದೇ ಹೆಚ್ಚು. 700 ವ್ಯಾಟಿನ ರೈಸ್ ಕುಕ್ಕರ್ ನಡೆಯುತ್ತದೆ, ನೀರಿನ ಹೀಟರ್ ಆರಿಸಿರಬೇಕಷ್ಟೆ.

ಗ್ಯಾಸಿನ ವಿಷಯದಲ್ಲಿ ಹೊಸಬರು ಪರದಾಡುತ್ತಾರೆ. ಸ್ಪೇನಿನ ಮನೆಮನೆಯಲ್ಲಿರುವ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್ 12.5 ಕಿಲೋ, ನಮ್ಮ ಕಡೆಯ 14.2 ಕಿಲೋದ ತಂಗಿ. ನೋಡಲು ಸುಲಭ, ಆದರೆ ಅದನ್ನು ಪಡೆಯಲು ಸ್ಥಳೀಯ ವಿಳಾಸ, ಕರಾರು ಕೇಳುತ್ತಾರೆ. ಜರ್ಮನಿಯಿಂದಲೋ ಬ್ರಿಟನ್ನಿನಿಂದಲೋ ತಂದ ಸಿಲಿಂಡರನ್ನು ಇಲ್ಲಿ ಬದಲಿಸಿ ಕೊಡುವುದಿಲ್ಲ. ದೀರ್ಘ ಪ್ರವಾಸಕ್ಕೆ ಗಾಡಿಯ ಅಡಿಯಲ್ಲಿ ಖಾಯಂ ಆಗಿ ಕೂರಿಸಿದ ಎಲ್‌ಪಿಜಿ ಟ್ಯಾಂಕೇ ಉತ್ತಮ. ಪೆಟ್ರೋಲ್ ಬಂಕುಗಳಲ್ಲಿ ‘ಜಿಎಲ್‌ಪಿ’ ಎಂದು ಬರೆದ ಪಂಪಿನಲ್ಲಿ ತುಂಬಿಸಬಹುದು, ಯೂರೋ ನಾಜಲ್ ಅಡಾಪ್ಟರ್ ಜೊತೆಗಿರಲಿ. ಸಣ್ಣ ಪ್ರವಾಸಕ್ಕೆ ಕ್ಯಾಂಪಿಂಗ್ ಗಾಸ್ ಎಂಬ ಬ್ರ್ಯಾಂಡಿನ 2.75 ಕಿಲೋದ ನೀಲಿ ಸಿಲಿಂಡರ್ ಸಾಕು, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. 1.5 ಕಿಲೋವ್ಯಾಟಿನ ಒಲೆ ಪೂರ್ತಿ ಉರಿದರೆ ಗಂಟೆಗೆ ಸುಮಾರು 110 ಗ್ರಾಂ ಸುಡುತ್ತದೆ. ಅನ್ನ, ಬೇಳೆ ಕುಕ್ಕರಿನಲ್ಲಿ ಬೇಯಿಸುವ ನಮ್ಮ ಮಂದಿಗೆ ಗ್ಯಾಸ್ ಖರ್ಚಾಗುವುದು ಒಲೆಯಿಂದಲ್ಲ, ದಿನಕ್ಕೆ 300-400 ಗ್ರಾಂ ನುಂಗುವ ಫ್ರಿಜ್ಜಿನಿಂದ.

ಕಾನೂನು, ನೀರು, ಗ್ಯಾಸ್ ಎಲ್ಲ ಸರಿಹೋದ ಮೇಲೂ ಎರಡು ಅಪಾಯಗಳಿವೆ. ಜನ ಅವನ್ನು ಕೇಳುವುದೇ ಇಲ್ಲ.

ಒಂದು ಗಾಳಿ. ಸ್ಪೇನಿನ ದಕ್ಷಿಣ ತುದಿಯ ಊರು ತರೀಫಾ ಇರುವುದು ಆಫ್ರಿಕಾ, ಯೂರೋಪಿನ ನಡುವಿನ 14 ಕಿಲೋಮೀಟರಿನ ಜಲಸಂಧಿಯ ಬಾಯಲ್ಲಿ. ಪೂರ್ವದ ಲೆವಾಂತೆ ಗಾಳಿ ಆ ಇಕ್ಕಟ್ಟಿನಲ್ಲಿ ನುಗ್ಗಿ ದಿನಗಟ್ಟಲೆ ಬೀಸುತ್ತದೆ. ವಾಲ್ದೆವಾಕೆರೋಸ್‌ನ ಮರಳುದಿಬ್ಬ ಪಕ್ಕದ ರಸ್ತೆಯನ್ನೇ ಮುಚ್ಚುವುದು ಈ ಗಾಳಿಯಿಂದ. ಇಂಥ ರಾತ್ರಿ ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಚಾವಣಿಯ ಕಿಂಡಿಗಳನ್ನು ಗಟ್ಟಿಯಾಗಿ ಮುಚ್ಚಿ. ಫ್ರಿಜ್ಜಿನ ಹೊರಜಾಲರಿ ಇರುವ ಬದಿಗೆ ಗಾಳಿ ಹೊಡೆದರೆ ಒಳಗಿನ ಜ್ವಾಲೆ ಆರುತ್ತದೆ, ಬೆಳಗ್ಗೆ ಹಾಲು ಒಡೆದಿರುತ್ತದೆ.

ಇನ್ನೊಂದು ರಾಂಬ್ಲಾ, ಅಂದರೆ ವರ್ಷದ ಬಹುಪಾಲು ಒಣಗಿರುವ ಹಳ್ಳ. ಅಲ್ಮೆರಿಯ, ಗ್ರನಾದಾ, ಮುರ್ಸಿಯಾ ತೀರದಲ್ಲಿ ಸಮತಟ್ಟಾದ, ಅಗಲವಾದ, ನೇರ ಕಡಲಿಗೆ ತೆರೆದ ಉಚಿತ ಜಾಗವೊಂದು ಕಂಡರೆ ಅದು ರಾಂಬ್ಲಾ ಆಗಿರುವ ಸಾಧ್ಯತೆಯೇ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೇಸಿಗೆಯ ಬಿಸಿ ಉಳಿದ ಮೆಡಿಟರೇನಿಯನ್ ಮೇಲೆ ಎತ್ತರದಲ್ಲಿ ತಂಪು ಗಾಳಿ ಬಂದು ಕೂತಾಗ ಕೆಲವೇ ಗಂಟೆಗಳಲ್ಲಿ ತಿಂಗಳುಗಳ ಮಳೆ ಸುರಿಯುತ್ತದೆ. ಮಳೆ ಬೀಳುವುದು ಹಿಂದಿನ ಬೆಟ್ಟದಲ್ಲಿ. ತೀರದಲ್ಲಿ ನಕ್ಷತ್ರ ಕಾಣುತ್ತಿರುವಾಗಲೇ ಕೆಸರುನೀರು ಬಂದು ಮುಟ್ಟಬಹುದು. 1973ರ ಅಕ್ಟೋಬರಿನಲ್ಲಿ ಗ್ರನಾದಾ ತೀರದ ಲಾ ರಾಬಿತಾ ಎಂಬ ಊರನ್ನು ಇಂಥದೇ ಒಂದು ರಾಂಬ್ಲಾ ಕೊಚ್ಚಿಹಾಕಿತು. ಎರಡೂ ಬದಿ ಕಲ್ಲಿನ ಗೋಡೆ, ತಳದಲ್ಲಿ ದುಂಡುಕಲ್ಲು, ಅಲ್ಲಲ್ಲಿ ಬಿದಿರಿನಂಥ ಜೊಂಡು ಕಂಡರೆ ಅಲ್ಲಿ ಮಲಗಬೇಡಿ, ಪಕ್ಕದಲ್ಲಿ ಬೇರೆ ಹತ್ತು ಗಾಡಿ ನಿಂತಿದ್ದರೂ ಸರಿ. ರಾಜ್ಯ ಹವಾಮಾನ ಸಂಸ್ಥೆ ಎಇಮೆಟ್‌ನ ಎಚ್ಚರಿಕೆ ಹಳದಿ ಇದ್ದಾಗಲೇ ಎತ್ತರದ ಜಾಗಕ್ಕೆ ಹೋಗಿ, ಕೆಂಪಾಗುವ ತನಕ ಕಾಯಬೇಡಿ.

ಯಾವಾಗ ಹೋಗುವುದು ಎಂದರೆ ಏಪ್ರಿಲ್ ಕೊನೆ ಮತ್ತು ಮೇ ಎನ್ನುತ್ತೇವೆ. ಆಗಸ್ಟಿನಲ್ಲಿ ಸ್ಪೇನಿನವರೇ ರಜೆಗೆ ಬಂದು ತುಂಬಿರುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಜರ್ಮನಿ, ಬ್ರಿಟನ್, ನೆದರ್‌ಲೆಂಡ್ಸಿನ ನಿವೃತ್ತರು ತಿಂಗಳ ಬಾಡಿಗೆಗೆ ಜಾಗ ಹಿಡಿದಿರುತ್ತಾರೆ, ಮುಂಗಡ ಕಾಯ್ದಿರಿಸದೆ ಒಂದು ರಾತ್ರಿಗೆ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರೊಳಗೆ ತಲುಪಿದರೆ ಎರಡನೆಯ ಸಾಲಿನಲ್ಲಾದರೂ ಜಾಗ ಇರುತ್ತದೆ. ಅಲ್ಲಿಂದ ನೀರಿಗೆ ನಡೆದೇ ಹೋಗಬಹುದು.