ಹುಂಡ್ ಎಂದರೆ ನಾಯಿಯಲ್ಲ

“ಅಲ್ರಿ ಮಾಮಾ, ನಾಯಿ ಅಲ್ರಿ. ಹಾಲಿಗೆ ಮೊದಲ ಏನಂತಿದ್ರು, ನೀವೇ ಹೇಳಿದ್ರಲ್ರಿ?” ರವಿವಾರ ಮಧ್ಯಾಹ್ನ ಕಲಬುರಗಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಅಳಿಯ ಕೇಳಿದ ಈ ಪ್ರಶ್ನೆ ನಾಲ್ಕು ದಿನವಾದರೂ ನನ್ನ ಕಿವಿ ಬಿಟ್ಟು ಹೋಗಿಲ್ಲ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ ಜರ್ಮನ್ ಕಲಿಯುತ್ತಲೇ ತನ್ನದೊಂದು ಭಾಷೆಯನ್ನು ಕಟ್ಟಿದ್ದಾನೆ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಮುಂತಾದ ಜರ್ಮಾನಿಕ್ ಕುಟುಂಬದ ಭಾಷೆಗಳಿಗೆ ಇನ್ನೊಬ್ಬ ತಂಗಿ ಇದ್ದಿದ್ದರೆ ಅವಳ ಮಾತು ಹೇಗಿರುತ್ತಿತ್ತು ಎಂಬ ಊಹೆಯ ಮೇಲೆ ನಿಂತ ಭಾಷೆ ಅದು. ಪದಗಳನ್ನೆಲ್ಲ ನೋಟುಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ. ಅರ್ಥದ ಸಾಲಿಗೆ ಅಂಗೈ ಅಡ್ಡ ಇಟ್ಟು ಮೂಲ ಹೇಳಿರೆಂದ. ಬಹಳ ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡಿದ ನನಗೆ ಇದಕ್ಕಿಂತ ಪ್ರಿಯವಾದ ಆಟ ಬೇರೊಂದಿಲ್ಲ. ಭಾವ ಮಾತ್ರ “ಇದರಿಂದ ನೌಕರಿ ಸಿಗತದೇನು?” ಎಂದರು. ಅವರು ಒಳ್ಳೆಯವರು, ಆದರೆ ಮಗನ ಯಾವ ಆಸೆಯನ್ನೂ ಸಂಬಳದ ತಕ್ಕಡಿಯಲ್ಲಿ ಇಡದೆ ನೋಡಲಾರರು. 1902ರಲ್ಲೇ ಅಮೆರಿಕದ ಇಲಿಯಾಸ್ ಮೊಲೀ ಎಂಬವರು ಟ್ಯೂಟೋನಿಷ್ ಎಂಬ ಇಂಥದೇ ಭಾಷೆಯನ್ನು ಪ್ರಕಟಿಸಿದ್ದರೆಂದು ಹುಡುಗ ಹೇಳಿದಾಗಲೂ ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಮೊದಲ ಪದ ‘ವಿಂಡೋಗ್’. ಇಂಗ್ಲಿಷಿನ ವಿಂಡೋ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ ವಿಂಡಾಉಗ, ಅಂದರೆ ಗಾಳಿಗಣ್ಣು, ಎಂಬ ಪದದಿಂದ ಬಂದದ್ದೆಂದು ನನಗೆ ಗೊತ್ತಿತ್ತು, ಕೂಡಲೇ ಹೇಳಿದೆ. ನಮ್ಮ ಮನೆಗಳಲ್ಲಿ ಖಿಡಕಿ ಅನ್ನುವ ಅದೇ ವಸ್ತುವನ್ನು ಸಂಸ್ಕೃತದವರು ಗವಾಕ್ಷ, ಎತ್ತಿನ ಕಣ್ಣು, ಎಂದರು. ಒಂದಕ್ಕೊಂದು ದೂರದ ಎರಡು ಊರಿನ ಜನ ಗೋಡೆಯ ಕಂಡಿಯಲ್ಲಿ ಕಣ್ಣನ್ನೇ ಕಂಡದ್ದು ನನಗೆ ಇಂದಿಗೂ ಬೆರಗು.

ಅದರ ಮುಂದಿನದೇ ‘ಹುಂಡ್’. ಜರ್ಮನ್ನಿನಲ್ಲೂ ಸ್ವೀಡಿಷಿನಲ್ಲೂ ನಾಯಿಯನ್ನು ಹೀಗೆಯೇ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಹೌಂಡ್ ಇದೆ. ನಾನು ಯೋಚಿಸದೆ ನಾಯಿ ಎಂದೆ. ಆಗಲೇ ಅವನು ಹಾಲಿನ ಪ್ರಶ್ನೆ ಕೇಳಿದ್ದು.

ಹಾಲು ಮೊದಲು ಪಾಲ್ ಆಗಿತ್ತು. ಹುಲಿ ಪುಲಿ, ಹೂ ಪೂ, ಹೋಗು ಪೋಗು. ಅವನು ಏಳನೆಯ ತರಗತಿಯಲ್ಲಿದ್ದಾಗ ಅಪ್ಪನ ಕೆರೆಯ ದಂಡೆಯ ಮೇಲೆ ನಡೆಯುತ್ತ ನಾನೇ ಇದನ್ನು ಹೇಳಿಕೊಟ್ಟಿದ್ದೆ. ರಾಷ್ಟ್ರಕೂಟರ ಕಾಲದಲ್ಲಿ ಇಲ್ಲೇ ಮಳಖೇಡದಲ್ಲಿ ಜನ ಹಾಲನ್ನು ಪಾಲೆಂದೇ ಕೇಳುತ್ತಿದ್ದರೆಂದೂ ಹೇಳಿದ್ದೆ. ಆ ಪಕಾರ–ಹಕಾರದ ನಿಯಮವನ್ನು ಹುಡುಗ ತನ್ನ ಜರ್ಮಾನಿಕ್ ಭಾಷೆಗೆ ಹಾಕಿದ್ದಾನೆ. ಹಕಾರವನ್ನು ಹಿಂದಕ್ಕೆ ತಿರುಗಿಸಿದರೆ ಹುಂಡ್ ಪುಂಡ್ ಆಗುತ್ತದೆ; ಸ್ವೀಡಿಷಿನ ಪುಂಡ್, ಇಂಗ್ಲಿಷಿನ ಪೌಂಡ್. ತೂಕದ ಮಾತು, ನಾಯಿಯ ಮಾತಲ್ಲ.

ಗುಲ್ಬರ್ಗಾ ಎಂಬ ಹೆಸರನ್ನು ಪಾರಸಿಯ ಗುಲ್ ಮತ್ತು ಬರ್ಗ್, ಹೂವು ಮತ್ತು ಎಲೆ, ಎಂದು ಬಿಡಿಸಿ ಹೇಳುವವರಿಗೆಲ್ಲ ಕಿವಿಗೆ ಕೇಳಿದ ಹೋಲಿಕೆ ಸಾಕ್ಷಿಯಾಗದೆಂದು ವಾದಿಸುತ್ತ ಬಂದವನು ನಾನು. ಅಂಥ ನಾನೇ ಕಿವಿಯನ್ನು ನಂಬಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು, ಬೀಗದ ಕೈ ನಾನೇ ಕೊಟ್ಟದ್ದಾಗಿದ್ದರೂ ನನಗೆ ಅದರ ಗುರುತು ಹತ್ತಲಿಲ್ಲ ಎಂಬುದು. ಕಟ್ಟಿದ ಭಾಷೆಯ ಪದದ ಮೂಲ ಹುಡುಕುವವನು ನಿಘಂಟನ್ನಷ್ಟೇ ಅಲ್ಲ, ಕಟ್ಟಿದವನು ಯಾರ ಮನೆಯಲ್ಲಿ ಬೆಳೆದ, ಯಾರ ಮಾತು ಕೇಳಿದ ಎಂಬುದನ್ನೂ ನೋಡಬೇಕಾಗುತ್ತದೆ.

ಪೌಂಡ್ ಪದವೂ ಸಾಮಾನ್ಯದ್ದಲ್ಲ. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ನಿಯಮದಂತೆ ಹಳೆಯ ಪಕಾರ ಜರ್ಮಾನಿಕ್ ಭಾಷೆಗಳಲ್ಲಿ ಫಕಾರವಾಯಿತು. ಪಿತೃವಿಗೆ ಫಾದರ್, ಪಾದಕ್ಕೆ ಫುಟ್. ಪೌಂಡ್ ಮಾತ್ರ ಆ ಪಲ್ಲಟ ಮುಗಿದ ಮೇಲೆ ಲ್ಯಾಟಿನ್ನಿನಿಂದ ಬಂದದ್ದರಿಂದ ಅದರ ಪಕಾರ ಉಳಿಯಿತು. ಆದರೆ ಪಕಾರ ಪ್ಫಕಾರವಾದ ಜರ್ಮನ್ನಿನ ಎರಡನೆಯ ಪಲ್ಲಟಕ್ಕೆ ಮುಂಚೆಯೇ ಬಂದದ್ದರಿಂದ ಅಲ್ಲಿ ಪ್ಫುಂಟ್ ಆಯಿತು. ಒಂದು ಅಕ್ಷರ ನೋಡಿ ಪದ ಯಾವ ಕಾಲದಲ್ಲಿ ಮನೆ ಸೇರಿತೆಂದು ಹೇಳಬಹುದು. ನಮ್ಮಲ್ಲಿ ಮೊದಲು ಬಂದ ಪುಸ್ತಕ ಪೊತ್ತಗೆಯಾಗಿ, ಪಲ್ಲಟಕ್ಕೆ ಸಿಕ್ಕಿ ಹೊತ್ತಗೆಯಾಯಿತು; ಅದೇ ಸಂಸ್ಕೃತ ಪದ ಇದ್ದ ಹಾಗೇ ಬಂದು ಪುಸ್ತಕವಾಗಿಯೂ ಉಳಿದಿದೆ.

ಹಾಗಾದರೆ ನಾಯಿಗೆ ಏನೆನ್ನುತ್ತೀ ಎಂದು ಕೇಳಿದೆ. ‘ಉಂಡ್’ ಎಂದು ಬರೆದು ತೋರಿಸಿದ. ಪಕಾರ ಹಕಾರವಾದ ಮೇಲೆ ಹಳೆಯ ಹಕಾರ ಜಾಗ ಬಿಡಬೇಕಲ್ಲ. ಹಾಸ್ಟೆಲಿನಲ್ಲಿ ಮೈಸೂರು ಕಡೆಯ ಗೆಳೆಯ “ಓಗ್ತೀನಿ” ಅನ್ನುವುದನ್ನು ಕೇಳಿ ಈ ಎರಡನೆಯ ನಿಯಮ ಹೊಳೆಯಿತಂತೆ. ಜರ್ಮನ್ನಿನ ಹುಂಡ್ ಪದದ ಹಕಾರವೂ ಹಿಂದೆ ಕಕಾರವಾಗಿತ್ತು. ಲ್ಯಾಟಿನ್ನಿನ ಕಾನಿಸ್, ನಮ್ಮ ಶ್ವಾನ ಎಲ್ಲವೂ ಒಂದೇ ಬೇರಿನವು.

ಸೋಮವಾರ ರೈಲು ಹತ್ತುವ ಮುನ್ನ ನೋಟುಬುಕ್ಕನ್ನು ನನ್ನ ಕೈಗಿಟ್ಟು ಹೋದ. ಕೊನೆಯ ಪುಟದಲ್ಲಿ ಅರ್ಥ ಬರೆಯದೆ ಬಿಟ್ಟ ಒಂದು ಪದವಿದೆ, ‘ಹಾದ್’. ನೋಡಿದ ಕೂಡಲೇ ನಾಲಿಗೆಗೆ ಬಂದದ್ದು ನಮ್ಮ ಹಾದಿ. ಪೆನ್ಸಿಲ್ ಕೆಳಗಿಟ್ಟು, ಹಕಾರವನ್ನು ಪಕಾರಕ್ಕೆ ತಿರುಗಿಸಿದೆ. ಇಂಗ್ಲಿಷಿನ ಪಾತ್, ಜರ್ಮನ್ನಿನ ಪ್ಫಾಡ್. ಅರ್ಥ ಹಾದಿಯೇ; ಬಂದ ದಾರಿ ಮಾತ್ರ ಬೇರೆ. ಅಷ್ಟನ್ನೂ ಪದದ ಪಕ್ಕದಲ್ಲಿ ಬರೆದಿಟ್ಟಿದ್ದೇನೆ, ದೀಪಾವಳಿಗೆ ಬಂದಾಗ ಅವನು ತಿದ್ದಲಿ.